ಇನ್ಸುಲಿನ್ ಪಂಪಿನ ಅಧಿಕರಣ

ಅನೇಕ ವರ್ಷ ಸಿರಿಂಜಿನಿಂದಲೋ ಪೆನ್ನಿನಿಂದಲೋ ಇನ್ಸುಲಿನ್ ತೆಗೆದುಕೊಂಡ ಟೈಪ್ 1 ಮಧುಮೇಹಿಯು ಪಂಪ್ ಧಾರಣೆಯನ್ನು ಕಲಿಯುವ ಕ್ರಮ ಇಲ್ಲಿ ವಿಚಾರಣೆಯ ವಿಷಯ. ಚುಚ್ಚುಮದ್ದಿನ ಕಾಲದಲ್ಲಿ ಸಂಪಾದಿಸಿದ ಜ್ಞಾನವು ಪಂಪಿನಲ್ಲಿಯೂ ಪ್ರಮಾಣವಾಗುವುದೇ, ಇಲ್ಲವೇ ಎಂಬುದು ಸಂಶಯ. ಸರ್ವವೂ ಪ್ರಮಾಣವೆಂಬುದು ಒಂದು ಪೂರ್ವಪಕ್ಷ. ಯಾವುದೂ ಅಲ್ಲವೆಂಬುದು ಇನ್ನೊಂದು. ಕೆಲವು ಅಂಗಗಳಿಗೆ ಅತಿದೇಶ, ಕೆಲವಕ್ಕೆ ಊಹ, ಕೆಲವಕ್ಕೆ ಬಾಧ ಎಂಬುದು ಸಿದ್ಧಾಂತ. ಇವುಗಳ ಎಲ್ಲೆಗಳನ್ನು ಗುರುತಿಸುವ ಸಾಮರ್ಥ್ಯಕ್ಕೇ ಇಲ್ಲಿ ಕಲಿಕೆಯೆಂಬ ಹೆಸರು.

ಈ ಮೂರು ಸಂಜ್ಞೆಗಳೂ ಜೈಮಿನಿಯ ಮೀಮಾಂಸಾಸೂತ್ರಗಳಲ್ಲಿ ಏಳರಿಂದ ಹತ್ತನೆಯ ಅಧ್ಯಾಯದವರೆಗೆ ವಿಚಾರಿತವಾದವು. ಸಾಂಗವಾಗಿ ಉಪದಿಷ್ಟವಾದ ಯಾಗ ಪ್ರಕೃತಿ; ತನ್ನ ಅಂಗಗಳನ್ನು ಅದರಿಂದ ಪಡೆಯುವುದು ವಿಕೃತಿ. ಅಂಗವು ಯಥಾವತ್ತಾಗಿ ಬಂದರೆ ಅತಿದೇಶ. ಅಗ್ನಿಯ ಹೆಸರಿದ್ದಲ್ಲಿ ಸೂರ್ಯನ ಹೆಸರಿಡುವಂತೆ ಮಾರ್ಪಾಟಾಗಿ ಬಂದರೆ ಊಹ. ಪ್ರಯೋಜನವೇ ಲೋಪಿಸಿ ನಿವೃತ್ತವಾದರೆ ಬಾಧ. ಚಿನ್ನದ ಕಾಳುಗಳನ್ನು ಹವಿಸ್ಸಾಗಿ ಬೇಯಿಸುವ ಇಷ್ಟಿಯಲ್ಲಿ ಹೊಟ್ಟು ಇಲ್ಲದ್ದರಿಂದ ಕುಟ್ಟುವ ಕ್ರಿಯೆ ಬಾಧಿತವಾಗುತ್ತದೆ. ಚುಚ್ಚುಮದ್ದು ಪ್ರಕೃತಿ, ಪಂಪ್ ವಿಕೃತಿ ಎಂದು ಇಟ್ಟುಕೊಂಡರೆ ಮುಂದಿನ ವಿಚಾರ ಸುಗಮ.

ಮೊದಲು ಲಕ್ಷಣ. ದೀರ್ಘಕಾರಿಯಲ್ಲದ ಒಂದೇ ಬಗೆಯ ಇನ್ಸುಲಿನ್ನನ್ನು ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ, ನಿಗದಿಪಡಿಸಿದ ವೇಗದಲ್ಲಿ, ಹಗಲಿರುಳು ಸೂಕ್ಷ್ಮ ಅಂಶಗಳಾಗಿ ಹರಿಸುವ, ಮೈಮೇಲೆ ಧರಿಸಬಹುದಾದ ಯಂತ್ರ ಇನ್ಸುಲಿನ್ ಪಂಪ್. ‘ಚರ್ಮದ ಕೆಳಗೆ’ ಎಂಬ ದಳವು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹರಿಸುವ ಯಂತ್ರದಲ್ಲಿ ಅತಿವ್ಯಾಪ್ತಿಯನ್ನು ತಡೆಯುತ್ತದೆ. ‘ಧರಿಸಬಹುದಾದ’ ಎಂಬುದು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯೊಳಗೆ ಇರಿಸುವ ಯಂತ್ರವನ್ನೂ, ‘ಹಗಲಿರುಳು’ ಎಂಬುದು ಪೆನ್ನನ್ನೂ ಹೊರಗಿಡುತ್ತವೆ. ‘ಶೀಘ್ರಕಾರಿ’ ಎಂದೇ ಹೇಳಬಹುದಿತ್ತಲ್ಲ ಎಂದರೆ, ಆಗ ಅವ್ಯಾಪ್ತಿ: 1978ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಪ್ರಕಟಿಸಿದಾಗ ಇಂದಿನ ಶೀಘ್ರಕಾರಿ ಇನ್ಸುಲಿನ್‌ಗಳು ಇರಲಿಲ್ಲ, ಅವುಗಳಲ್ಲಿ ಮೊದಲನೆಯದಾದ ಲಿಸ್‌ಪ್ರೋ ಬಳಕೆಗೆ ಬಂದದ್ದು 1996ರಲ್ಲಿ. ಪಂಪಿನಿಂದ ಚರ್ಮದವರೆಗೆ ಇನ್ಸುಲಿನ್ ಒಯ್ಯುವ ನಳಿಕೆಯನ್ನು ಲಕ್ಷಣದಲ್ಲಿ ಸೇರಿಸದಿರುವುದಕ್ಕೂ ಇದೇ ಕಾರಣ. ಮೈಗೆ ನೇರವಾಗಿ ಅಂಟುವ, ನಳಿಕೆಯಿಲ್ಲದ ಪಂಪ್‌ಗಳೂ ಇವೆ. ಈ ಅವಾಂತರಭೇದದಿಂದ ಕಲಿಕೆಯ ತತ್ತ್ವ ಬದಲಾಗದು, ವಿಸ್ತರಿಸುವುದಿಲ್ಲ.

ಇನ್ಸುಲಿನ್ ಪ್ರಯೋಗವು ತ್ರಿವಿಧ: ನಿತ್ಯ, ನೈಮಿತ್ತಿಕ, ಪ್ರಾಯಶ್ಚಿತ್ತ. ಉಂಡರೂ ಉಣದಿದ್ದರೂ, ಮಲಗಿದರೂ ಎದ್ದರೂ ದೇಹಕ್ಕೆ ಬೇಕಾದದ್ದು ನಿತ್ಯ. ವೈದ್ಯರು ಇದನ್ನು ಬೇಸಲ್ ಎನ್ನುತ್ತಾರೆ. ಆಹಾರವೆಂಬ ನಿಮಿತ್ತ ಒದಗಿದಾಗ ಕೊಡುವುದು ನೈಮಿತ್ತಿಕ. ಇದು ಊಟದ ಬೋಲಸ್. ಏರಿಬಿಟ್ಟ ಸಕ್ಕರೆಯನ್ನು ಇಳಿಸಲು ಕೊಡುವುದು ಪ್ರಾಯಶ್ಚಿತ್ತ. ಇದು ತಿದ್ದುವ ಬೋಲಸ್. ಪ್ರಕೃತಿಯಲ್ಲಿಯೂ ಈ ಮೂರೂ ಉಂಟು. ಆದರೆ ಅಲ್ಲಿ ನಿತ್ಯಕ್ಕೆ ದೀರ್ಘಕಾರಿ, ಉಳಿದೆರಡಕ್ಕೆ ಶೀಘ್ರಕಾರಿ ಎಂದು ದ್ರವ್ಯವೇ ಬೇರೆ. ಪಂಪಿನಲ್ಲಿ ದ್ರವ್ಯ ಒಂದೇ, ವಿನಿಯೋಗ ಮಾತ್ರ ಮೂರು.

ಇಲ್ಲಿ ಅಭ್ಯಾಸಬಲವಾದಿಯ ಆಕ್ಷೇಪ: ‘ವರ್ಷಗಟ್ಟಲೆ ಚುಚ್ಚಿಕೊಂಡವನಿಗೆ ಇನ್ಸುಲಿನ್ ಗೊತ್ತು, ಊಟ ಗೊತ್ತು, ಮೈ ನಡುಗುವ ಸಕ್ಕರೆಯ ಕುಸಿತವೂ ಗೊತ್ತು. ಪಂಪ್ ಬರಿಯ ಸಾಧನ. ಗುಂಡಿಗಳನ್ನು ಒತ್ತಲು ಕಲಿತರೆ ಸಾಕು, ಶಾಸ್ತ್ರವೇಕೆ?’ ಇದು ಅಸಾಧು. ದ್ರವ್ಯವು ಏಕವಾದಾಗ ಆಪತ್ತಿನ ಸ್ವರೂಪವೇ ಬೇರೆಯಾಗುತ್ತದೆ. ಚುಚ್ಚುಮದ್ದಿನವನು ಮಧ್ಯಾಹ್ನದ ಡೋಸ್ ಮರೆತರೂ ರಾತ್ರಿ ತೆಗೆದುಕೊಂಡ ಗ್ಲಾರ್ಜಿನ್ ಎಂಬ ದೀರ್ಘಕಾರಿ ಇನ್ಸುಲಿನ್ ಚರ್ಮದ ಕೆಳಗೆ ನಿಧಿಯಾಗಿ ನಿಂತು ನಿತ್ಯಾಂಶವನ್ನು ನಡೆಸುತ್ತಿರುತ್ತದೆ. ಸಕ್ಕರೆ ಏರುತ್ತದೆ, ಇನ್ಸುಲಿನ್ನಿನ ಸರ್ವಾಭಾವ ಉಂಟಾಗದು. ಪಂಪಿನವನಿಗೆ ಅಂಥ ನಿಧಿಯಿಲ್ಲ. ಚರ್ಮದೊಳಗಿನ ಕ್ಯಾನುಲಾ ಎಂಬ ಸಣ್ಣ ಕೊಳವೆ ಮಡಚಿಕೊಂಡರೆ, ನಳಿಕೆ ಕಳಚಿದರೆ, ಮೂರು ವಿನಿಯೋಗಗಳೂ ಏಕಕಾಲದಲ್ಲಿ ನಿಲ್ಲುತ್ತವೆ. ಕೆಲವೇ ಗಂಟೆಗಳಲ್ಲಿ ಕೀಟೋನ್ ಉತ್ಪನ್ನವಾಗಿ ಕೀಟೋ ಆಸಿಡೋಸಿಸ್ ಎಂಬ ಪ್ರಾಣಾಂತಿಕ ಸ್ಥಿತಿ ಸಮೀಪಿಸಬಹುದು.

ಆದ್ದರಿಂದ ಪ್ರಥಮ ಬಾಧ: ‘ಸಕ್ಕರೆ ಏರಿದೆ, ಮುಂದಿನ ಊಟದ ಹೊತ್ತಿಗೆ ನೋಡೋಣ’ ಎಂಬ ಹಳೆಯ ನಿರಾತಂಕ ಇಲ್ಲಿ ನಿವೃತ್ತ. ಕಾರಣ ತಿಳಿಯದೆ ಸಕ್ಕರೆ ಡೆಸಿಲೀಟರಿಗೆ 250 ಮಿಲಿಗ್ರಾಂ ದಾಟಿದರೆ ಕೀಟೋನ್ ಪರೀಕ್ಷೆ ವಿಹಿತ. ಕೀಟೋನ್ ಇಲ್ಲದಿದ್ದರೆ ಪಂಪಿನಿಂದಲೇ ತಿದ್ದುವ ಬೋಲಸ್ ಕೊಟ್ಟು, ಒಂದೆರಡು ಗಂಟೆಯಲ್ಲಿ ಪುನಃ ಪರೀಕ್ಷಿಸಬೇಕು. ಇಳಿಯದಿದ್ದರೆ, ಅಥವಾ ಮೊದಲೇ ಕೀಟೋನ್ ಕಂಡರೆ, ತಿದ್ದುವ ಡೋಸನ್ನು ಪೆನ್ನು ಅಥವಾ ಸಿರಿಂಜಿನಿಂದ ಚುಚ್ಚಿಕೊಂಡು, ಕ್ಯಾನುಲಾ ಮತ್ತು ನಳಿಕೆಯನ್ನು ಪೂರ್ತಿಯಾಗಿ ಬದಲಿಸಿ, ನೀರು ಕುಡಿದು, ವೈದ್ಯರನ್ನು ಸಂಪರ್ಕಿಸಬೇಕು. ಪಂಪಿನ ಪರದೆ ‘ಕೊಟ್ಟಾಯಿತು’ ಎಂದು ತೋರಿಸಿದ್ದು ಇಲ್ಲಿ ಪ್ರಮಾಣವಲ್ಲ. ಅದು ಯಂತ್ರದಿಂದ ಹೊರಟದ್ದನ್ನು ತಿಳಿಸುತ್ತದೆ. ದೇಹವನ್ನು ತಲುಪಿದ್ದನ್ನು ತಿಳಿಸದು.

ಎರಡನೆಯ ಬಾಧ ಭಾರತದಲ್ಲಿ ವಿಶೇಷವಾಗಿ ವಕ್ತವ್ಯ. ಇಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಗಳೂ ಅವಕ್ಕೆ ತಕ್ಕ ಸಿರಿಂಜುಗಳೂ ಬಹುಕಾಲದಿಂದ ಬಳಕೆಯಲ್ಲಿವೆ. ಪಂಪಿನ ಗಣಿತವೋ ಮಿಲಿಲೀಟರಿಗೆ 100 ಯೂನಿಟ್ ಎಂಬುದನ್ನು ಆಧರಿಸಿದೆ. 40ರ ಇನ್ಸುಲಿನ್ ತುಂಬಿದರೆ ಒಂದು ಯೂನಿಟ್ ಎಂದಲ್ಲಿ 0.4 ಯೂನಿಟ್ ಮಾತ್ರ ಹರಿಯುತ್ತದೆ. ಇದರ ವಿಪರ್ಯಯ ಇನ್ನೂ ಭಯಂಕರ: ಪಂಪ್ ಕೆಟ್ಟ ಗಳಿಗೆಯಲ್ಲಿ 100ರ ಸೀಸೆಯಿಂದ ಹಳೆಯ 40ರ ಸಿರಿಂಜಿಗೆ ಹತ್ತರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 25 ಯೂನಿಟ್. ಪಂಪ್ ಬಂದ ಮನೆಯಲ್ಲಿ 40ರ ಸಿರಿಂಜು ಇರಲೇಬಾರದು.

ಮೂರನೆಯ ಬಾಧ ಸ್ಥಾನವಿಷಯಕ. ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಚುಚ್ಚಿದವರ ಹೊಟ್ಟೆಯಲ್ಲೋ ತೊಡೆಯಲ್ಲೋ ಕೊಬ್ಬಿನ ಗಂಟುಗಳು ಕಟ್ಟಿರುತ್ತವೆ. ಅಲ್ಲಿ ನೋವು ಕಡಿಮೆಯಾದ್ದರಿಂದ ಕೈ ಅಲ್ಲಿಗೇ ಹೋಗುತ್ತದೆ. ಆದರೆ ಅಲ್ಲಿ ಇನ್ಸುಲಿನ್ ಹೀರಿಕೆ ಅನಿಯತ. ಚುಚ್ಚುಮದ್ದಿನಲ್ಲಿ ಈ ದೋಷ ಒಂದು ಡೋಸಿಗೆ ಸೀಮಿತ; ಕ್ಯಾನುಲಾ ಎರಡು ಮೂರು ದಿನ ಅಲ್ಲೇ ನೆಲೆಸುವುದರಿಂದ ದೋಷವೂ ಅಷ್ಟು ಕಾಲ ನಿಲ್ಲುತ್ತದೆ. ಗಂಟಿಲ್ಲದ ಹೊಸ ಜಾಗಕ್ಕೆ ಬಂದಾಗ ಹೀರಿಕೆ ಹೆಚ್ಚಿ ಸಕ್ಕರೆ ಕುಸಿಯಬಹುದು ಎಂಬ ಎಚ್ಚರವೂ ಇಲ್ಲಿಯೇ ಅಂತರ್ಗತ.

ಇಷ್ಟನ್ನು ಕೇಳಿ ಸರ್ವಬಾಧವಾದಿ ಏಳುತ್ತಾನೆ: ‘ಹಾಗಾದರೆ ಹಳೆಯ ಜ್ಞಾನವೆಲ್ಲ ಭಾರ. ಏನೂ ತಿಳಿಯದ ಹೊಸಬನೇ ಉತ್ತಮ ಅಧಿಕಾರಿ.’ ಇದೂ ಸಲ್ಲದು. ತಟ್ಟೆಯ ಅನ್ನವನ್ನು ಕಂಡು ಪಿಷ್ಟದ (ಕಾರ್ಬೋಹೈಡ್ರೇಟಿನ) ಅಂದಾಜು ಹೇಳುವ ಕಣ್ಣು, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ ಎಂಬ ಅರಿವಿನಿಂದ ಮುದ್ದೆಯನ್ನು ಅಳೆಯುವ ಬುದ್ಧಿ, ಜ್ವರ ಬಂದಾಗ ಸಕ್ಕರೆ ಏರುವುದೆಂಬ ಅನುಭವ, ಸಕ್ಕರೆ ಕುಸಿದಾಗ 15 ಗ್ರಾಂ ಗ್ಲೂಕೋಸ್ ತಿಂದು ಕಾಲು ಗಂಟೆ ಕಾಯುವ ಸಂಯಮ ಇವೆಲ್ಲ ಅತಿದೇಶದಿಂದ ಯಥಾವತ್ ಬರುತ್ತವೆ. ಕೆಲವು ಅಂಗಗಳು ಬರುವಾಗ ಹೇತು ಇನ್ನಷ್ಟು ಬಲಿಷ್ಠವಾಗುತ್ತದೆ. ಸಿರಿಂಜಿನ ಗಾಳಿಗುಳ್ಳೆಯನ್ನು ತಟ್ಟಿ ಹೊರಹಾಕುವ ಅಭ್ಯಾಸವನ್ನೇ ನೋಡಬಹುದು. ಗುಳ್ಳೆಯ ಗಾಳಿ ಚರ್ಮದ ಕೆಳಗೆ ಅಪಾಯಕಾರಿಯಲ್ಲ; ಅದು ಆಕ್ರಮಿಸಿದ ಜಾಗದ ಇನ್ಸುಲಿನ್ ತಪ್ಪಿಹೋಗುವುದೇ ದೋಷ. ಪಂಪಿನಲ್ಲಿ 0.03 ಮಿಲಿಲೀಟರ್ ಗಾಳಿ ಎಂದರೆ ಮೂರು ಯೂನಿಟ್, ಗಂಟೆಗೆ 0.75 ಯೂನಿಟ್ ಹರಿಯುವವನಿಗೆ ಅದು ನಾಲ್ಕು ಗಂಟೆಯ ನಿತ್ಯಾಂಶ.

ಇನ್ನು ಊಹ. ಪ್ರಕರಣದ ಹೃದಯಭಾಗ ಇದೇ. ಪ್ರಕೃತಿಯಲ್ಲಿ ದಿನಕ್ಕೆ ಒಟ್ಟು 45 ಯೂನಿಟ್ ತೆಗೆದುಕೊಳ್ಳುತ್ತಿದ್ದವನನ್ನು ಉದಾಹರಿಸಬಹುದು. ಪಂಪಿನಲ್ಲಿ ಹೀರಿಕೆ ಹೆಚ್ಚು ಸಮವಾದ್ದರಿಂದ ವೈದ್ಯರು ಸಾಮಾನ್ಯವಾಗಿ ಮೊತ್ತವನ್ನು ಶೇಕಡಾ 20ರಷ್ಟು ತಗ್ಗಿಸುತ್ತಾರೆ: 36 ಯೂನಿಟ್. ಅದರ ಅರ್ಧ 18 ನಿತ್ಯಾಂಶ. 24 ಗಂಟೆಗೆ ಹಂಚಿದರೆ ಗಂಟೆಗೆ 0.75. 500ನ್ನು 36ರಿಂದ ಭಾಗಿಸಿದರೆ ಸುಮಾರು 14. ಒಂದು ಯೂನಿಟ್ಟಿಗೆ 14 ಗ್ರಾಂ ಪಿಷ್ಟ. 1800ನ್ನು ಭಾಗಿಸಿದರೆ 50; ಒಂದು ಯೂನಿಟ್ 50 ಮಿಲಿಗ್ರಾಂ ಇಳಿಸುತ್ತದೆ. ಇವು ಆರಂಭದ ಅನುಮಾನಗಳು ಮಾತ್ರ. ಪ್ರತ್ಯಕ್ಷದಿಂದ ತಿದ್ದದೆ ಸಿದ್ಧವಾಗವು. ಸಂಧಿಕಾಲಕ್ಕೂ ಒಂದು ನಿಯಮವುಂಟು: ಕೊನೆಯ ಗ್ಲಾರ್ಜಿನ್ ಸುಮಾರು 24 ಗಂಟೆ, ಡೆಗ್ಲುಡೆಕ್ ಎಂಬ ಇನ್ನೊಂದು ದೀರ್ಘಕಾರಿ 42 ಗಂಟೆಗೂ ಮೀರಿ ಕ್ರಿಯಾಶೀಲ. ಅದು ಮುಗಿಯುವ ಮುನ್ನ ಪಂಪ್ ಪೂರ್ಣವೇಗದಲ್ಲಿ ಹರಿದರೆ ನಿತ್ಯವು ದ್ವಿಗುಣವಾಗಿ ಸಕ್ಕರೆ ಕುಸಿಯುತ್ತದೆ.

ನಿತ್ಯಾಂಶವನ್ನು ಪರೀಕ್ಷಿಸುವ ಕ್ರಮ ವ್ಯತಿರೇಕ. ಊಟವೆಂಬ ನಿಮಿತ್ತವನ್ನು ತೆಗೆದು, ಹಿಂದಿನ ಬೋಲಸ್ ಕಳೆದು ನಾಲ್ಕು ಗಂಟೆ ಆದ ಮೇಲೆ, ಸಕ್ಕರೆಯ ಗತಿಯನ್ನು ಗಂಟೆ ಗಂಟೆಗೆ ನೋಡಬೇಕು. 30 ಮಿಲಿಗ್ರಾಂ ಒಳಗಿನ ಏರಿಳಿತವಾದರೆ ವೇಗ ಸರಿ. ಬೆಳಗಿನ ಜಾವ ಬೆಳವಣಿಗೆಯ ಹಾರ್ಮೋನು ಮತ್ತು ಕಾರ್ಟಿಸೋಲಿನ ಪ್ರಭಾವದಿಂದ ಅನೇಕರಲ್ಲಿ ಸಕ್ಕರೆ ತಾನಾಗಿ ಏರುತ್ತದೆ. ದೀರ್ಘಕಾರಿಯನ್ನು ಹೆಚ್ಚಿಸಿ ಇದನ್ನು ಹಿಡಿಯಲು ಹೋದವನಿಗೆ ನಡುರಾತ್ರಿಯ ಕುಸಿತವೇ ಫಲವಾಗುತ್ತಿತ್ತು. ಪಂಪಿನಲ್ಲಿ ಆ ಗಂಟೆಗಳ ವೇಗವನ್ನು ಮಾತ್ರ ಹೆಚ್ಚಿಸಬಹುದು. ಚುಚ್ಚುಮದ್ದಿನಿಂದ ಲಭಿಸದ ಅಪೂರ್ವವಾದ ಫಲವಿದು. ಆದರೆ ಚರ್ಮದ ಕೆಳಗಿನ ಇನ್ಸುಲಿನ್ ಕೆಲಸಕ್ಕೆ ಬರಲು ಕಾಲ ಬೇಕಾದ್ದರಿಂದ, ನಾಲ್ಕು ಗಂಟೆಗೆ ಏರುವ ಸಕ್ಕರೆಗೆ ಎರಡು ಗಂಟೆಗೇ ವೇಗ ಬದಲಾಗಬೇಕು. ಕಾರ್ಯ ಕಂಡ ಕ್ಷಣದಲ್ಲಿ ಕಾರಣವನ್ನು ಮುಟ್ಟುವ ಚುಚ್ಚುಮದ್ದಿನ ಸ್ವಭಾವಕ್ಕೆ ಇದು ಅತಿಕಠಿಣ ಊಹ.

ಪ್ರಾಯಶ್ಚಿತ್ತದಲ್ಲಿ ದೋಷ ಇನ್ನೂ ಸೂಕ್ಷ್ಮ. ಸೂಜಿಯ ನೋವು ಅತಿರೇಕಕ್ಕೆ ತಡೆಯಾಗಿತ್ತು. ಗಂಟೆಗೊಮ್ಮೆ ಚುಚ್ಚಿಕೊಳ್ಳುವವರು ವಿರಳ. ಪಂಪಿನಲ್ಲಿ ತಿದ್ದುವುದಕ್ಕೆ ನೋವಿಲ್ಲ, ಗುಂಡಿ ಒತ್ತಿದರೆ ಆಯಿತು. ನೋವು ಮಾಡುತ್ತಿದ್ದ ಕೆಲಸವನ್ನು ಇನ್ನು ವಿವೇಕ ಮಾಡಬೇಕು. ಗುರಿ 120, ಈಗಿನ ಸಕ್ಕರೆ 270 ಎಂದರೆ ಮೂರು ಯೂನಿಟ್ ಪ್ರಾಪ್ತ. ಆದರೆ ಹಿಂದಿನ ಬೋಲಸ್ಸಿನ ಎರಡು ಯೂನಿಟ್ ಇನ್ನೂ ಕ್ರಿಯಾಶೀಲವಾಗಿದ್ದರೆ ಕೊಡಬೇಕಾದದ್ದು ಒಂದೇ. ಪಂಪ್ ಈ ಶೇಷವನ್ನು ಲೆಕ್ಕವಿಟ್ಟು ತೋರಿಸುತ್ತದೆ. ಲೆಕ್ಕವನ್ನು ಮೀರಿ ಮತ್ತೆ ಮತ್ತೆ ಒತ್ತುವುದು ನಿಷಿದ್ಧ.

ತುಪ್ಪ ಸುರಿದ ಹೋಳಿಗೆಯಂಥ ಊಟಕ್ಕೆ ಬೋಲಸ್ಸನ್ನು ಭಾಗಮಾಡಿ, ಒಂದಂಶ ತಕ್ಷಣ, ಉಳಿದದ್ದು ಗಂಟೆಗಳ ಮೇಲೆ ಎಂದು ಕೊಡುವ ಸೌಕರ್ಯ ಪಂಪಿನಲ್ಲಿದೆ. ಕೊಬ್ಬು ಜೀರ್ಣಕ್ರಿಯೆಯನ್ನು ನಿಧಾನಿಸುವುದು ಇದಕ್ಕೆ ಹೇತು.

ಈಗ ಪ್ರಬಲ ಪೂರ್ವಪಕ್ಷ: ‘1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ 1,441 ಜನರ ಮೇಲೆ ನಡೆದ ಡಿಸಿಸಿಟಿ ಅಧ್ಯಯನದಲ್ಲಿ ಪಂಪ್ ಮತ್ತು ದಿನಕ್ಕೆ ಮೂರು ಅಥವಾ ಹೆಚ್ಚು ಚುಚ್ಚುಮದ್ದು ಎರಡನ್ನೂ ತೀವ್ರಚಿಕಿತ್ಸೆ ಎಂಬ ಒಂದೇ ವರ್ಗದಲ್ಲಿ ಇಟ್ಟರು, ಕಣ್ಣು, ಮೂತ್ರಪಿಂಡ, ನರಗಳ ರಕ್ಷಣೆ ಆ ವರ್ಗದಿಂದ ಸಿದ್ಧಿಸಿತು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ರಿಪೋಸ್ ಅಧ್ಯಯನದಲ್ಲಿ ಪಂಪಿನವರಿಗೂ ಚುಚ್ಚುಮದ್ದಿನವರಿಗೂ ಸಮಾನ ಶಿಕ್ಷಣ ಕೊಟ್ಟಾಗ ಪಂಪಿನ ಹೆಚ್ಚುವರಿ ಲಾಭ ಗಣನೀಯವೆಂದು ಸಿದ್ಧವಾಗಲಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರವೇಕೆ?’ ಇಲ್ಲಿ ಅರ್ಧಾಂಗೀಕಾರ. ಸಾಧನಮಾತ್ರದಿಂದ ಫಲವಿಲ್ಲ ಎಂಬುದು ಸಿದ್ಧಾಂತಕ್ಕೆ ಅನುಕೂಲವೇ. ಎರಡೂ ಗುಂಪುಗಳಲ್ಲಿ ಸುಧಾರಣೆ ತಂದದ್ದು ಶಿಕ್ಷಣ. ಆದರೆ ಸಮೂಹದ ಸರಾಸರಿಯಿಂದ ವಿಶೇಷಾಧಿಕಾರಿಯ ನಿಷೇಧವಾಗದು. ಬೆಳಗಿನ ಜಾವದ ಏರಿಕೆ ತೀವ್ರವಾಗಿರುವವರು, ಎಚ್ಚರಿಕೆಯ ಲಕ್ಷಣವಿಲ್ಲದೆ ಸಕ್ಕರೆ ಕುಸಿಯುವವರು, ಅರ್ಧ ಯೂನಿಟ್ಟೂ ಅಧಿಕವಾಗುವ ಎಳೆಯ ಮಕ್ಕಳು ಆ ವಿಶೇಷಾಧಿಕಾರಿಗಳು. ಚುಚ್ಚುಮದ್ದಿನಲ್ಲೇ ಸಮಸ್ಥಿತಿ ಪಡೆದವನಿಗೆ ಪಂಪ್ ವಿಧಿಯಲ್ಲ.

‘ಸಕ್ಕರೆ ಅಳೆಯುವ ಸೆನ್ಸರನ್ನು ಕೇಳಿ ತಾನೇ ವೇಗ ಬದಲಿಸುವ ಪಂಪ್‌ಗಳು ಬಂದಿವೆ, ಕಲಿಕೆಯೇ ವ್ಯರ್ಥ’ ಎಂಬುದೂ ಅಸಾರ. 2016ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿಸಿದ ಇಂಥ ಮೊದಲ ಪಂಪಿನಲ್ಲಿ ಸ್ವಯಂಚಾಲಿತವಾದದ್ದು ನಿತ್ಯಾಂಶ. ಊಟವನ್ನು ಪಂಪ್ ಧರಿಸಿದವನೇ ತಿಳಿಸಬೇಕು. ಮಡಚಿದ ಕ್ಯಾನುಲಾವನ್ನು ಯಾವ ಗಣಿತವೂ ನೆಟ್ಟಗೆ ಮಾಡದು.

ಅಧಿಕಾರಿಯ ಲಕ್ಷಣವೂ ಇದರಿಂದ ನಿಶ್ಚಿತ. ಸಕ್ಕರೆಯನ್ನು ದಿನಕ್ಕೆ ಅನೇಕ ಬಾರಿ ನೋಡಬಲ್ಲವನು ಅಥವಾ ಸೆನ್ಸರ್ ಧರಿಸುವವನು, ಪಿಷ್ಟದ ಲೆಕ್ಕಕ್ಕೆ ಸಿದ್ಧನಾದವನು ಅಧಿಕಾರಿ. ಚಿಂತೆಯಿಂದಲೇ ಬಿಡುಗಡೆ ಬಯಸಿ ಪಂಪ್ ಕೇಳುವವನಿಗೆ ಈಗಲೇ ಅಧಿಕಾರವಿಲ್ಲ. ಮಗುವಿನ ವಿಷಯದಲ್ಲಿ ತಾಯಿತಂದೆಯರು ಪ್ರತಿನಿಧಿಗಳು.

ಕೊನೆಯ ಸಂಶಯ: ವಿಕೃತಿ ಸಿದ್ಧವಾದ ಮೇಲೆ ಪ್ರಕೃತಿಯನ್ನು ತ್ಯಜಿಸಬಹುದೇ? ತ್ಯಜಿಸಬಾರದು. ಯಂತ್ರ ಕೆಡಬಹುದು, ಎಂಆರ್‌ಐ ಪರೀಕ್ಷೆಗೆ ಅದನ್ನು ತೆಗೆದಿಡಲೇಬೇಕು. ಆದ್ದರಿಂದ ಪಂಪ್ ಧರಿಸುವ ಪ್ರತಿಯೊಬ್ಬರೂ ಶೀಘ್ರಕಾರಿ ಮತ್ತು ದೀರ್ಘಕಾರಿ ಪೆನ್ನುಗಳನ್ನು, ಅವುಗಳ ಸೂಜಿಗಳನ್ನು, ಕೀಟೋನ್ ಪಟ್ಟಿಗಳನ್ನು ಅವಧಿ ಮೀರದಂತೆ ಮನೆಯಲ್ಲಿಡಬೇಕು. ಗಂಟೆವಾರು ವೇಗ, ಪಿಷ್ಟದ ಅನುಪಾತ, ತಿದ್ದುವ ಸಂಖ್ಯೆ, ಪಂಪ್ ನಿಂತರೆ ತೆಗೆದುಕೊಳ್ಳಬೇಕಾದ ದೀರ್ಘಕಾರಿಯ ಡೋಸ್ ಇವನ್ನು ಕಾಗದದಲ್ಲಿ ಬರೆದು, ಒಂದು ಪ್ರತಿಯನ್ನು ಮನೆಯ ಇನ್ನೊಬ್ಬರ ಕೈಯಲ್ಲಿ ಕೊಟ್ಟಿರಬೇಕು.