ಮಜಾಕ್ ಮಾಡ್ದೆವ್ರಿ ಸರ್

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.’ ಈ ಗಾದೆ ಕೇಳದವರು ಯಾರಿದ್ದಾರೆ! ಆಡುವಾಗ ನಮ್ಮ ಒತ್ತೆಲ್ಲ ಪ್ರಾಣಸಂಕಟದ ಮೇಲೆ ಬೀಳುತ್ತದೆ. ನನ್ನನ್ನು ಕಾಡುವುದು ಮಾತ್ರ ಅದರ ಹಿಂದಿನ ಚೆಲ್ಲಾಟ. ಗಾದೆ ಕಟ್ಟಿದವರು ಬೆಕ್ಕಿಗೆ ಸಿಟ್ಟು ಅನ್ನಲಿಲ್ಲ, ಹಗೆ ಅನ್ನಲಿಲ್ಲ, ಹಸಿವು ಅಂತಲೂ ಅನ್ನಲಿಲ್ಲ. ಬರೀ ಆಟ. ನಮ್ಮ ಬೀದರ ಕಡೆ ಅದರ ಹೆಸರು ‘ಮಜಾಕ್’. ಒಬ್ಬ ಹುಡುಗ ಅತ್ತುಕೊಂಡು ಮನೆಗೆ ಹೋದ ಮೇಲೆ ಉಳಿದವರನ್ನು ನಿಲ್ಲಿಸಿ ಕೇಳಿ, ಒಂದೇ ಉತ್ತರ: ‘ಮಜಾಕ್ ಮಾಡ್ದೆವ್ರಿ ಸರ್.’ ಅವರು ಸುಳ್ಳು ಹೇಳುತ್ತಿರುವುದಿಲ್ಲ. ತೊಡಕು ಇರುವುದೇ ಅಲ್ಲಿ.

ಔರಾದ ತಾಲೂಕಿನ ಎಕಂಬಾ ಸುತ್ತಮುತ್ತ ಒಂದೇ ತರಗತಿಯಲ್ಲಿ ಮೂರು ನಾಲ್ಕು ಮನೆಮಾತು: ಕನ್ನಡ, ಮರಾಠಿ, ಉರ್ದು, ತಾಂಡಾದ ಮಕ್ಕಳದು ಲಂಬಾಣಿ. ಉರ್ದುವಿನಲ್ಲಿ ಳಕಾರವಿಲ್ಲ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಉರ್ದು ಮನೆಯ ಹುಡುಗನೊಬ್ಬ ಪಾಠ ಓದಲು ಎದ್ದು ನಿಂತು ‘ನಮ್ಮ ಹಲ್ಲಿ’ ಅಂದ. ಊಟದ ಗಂಟೆ ಹೊಡೆಯುವಷ್ಟರಲ್ಲಿ ಅವನ ಹೆಸರೇ ಹಲ್ಲಿ. ಯಾರೋ ಅವನ ಬೆಂಚಿನ ಮೇಲಿನ ಗೋಡೆಗೆ ಬಾಲದ ಸಮೇತ ಒಂದು ಚಿತ್ರವನ್ನೂ ಬರೆದರು.

ಕೆಲವು ದಿನದ ಮೇಲೆ ಗಮನಿಸಿದೆ. ಪುಸ್ತಕದಲ್ಲಿ ‘ಹಳ್ಳಿ’ ಬಂದಲ್ಲೆಲ್ಲ ಅವನು ‘ಊರು’ ಅಂತ ಓದುತ್ತಿದ್ದ. ಬಾಯಿ ಒಂದು ಸಾಲಿನಲ್ಲಿದ್ದರೆ ಬೆರಳು ಮುಂದಿನ ಸಾಲಿಗೆ ಓಡಿರುತ್ತಿತ್ತು, ಳ ಎಲ್ಲಿ ಕೂತಿದೆಯೋ ಅಂತ ಹುಡುಕುತ್ತ. ‘ಪುಸ್ತಕದಾಗ ಇದ್ದದ್ದು ಓದಪಾ’ ಅಂತ ಸರ್ ಗದರಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ಮಾನಸಿಕ ಕಿರುಕುಳ ಕೂಡದು ಅನ್ನುತ್ತದೆ, ಸರಿಯೇ. ಆದರೆ ‘ಹಲ್ಲಿ’ ಯಾವ ರಜಿಸ್ಟರಿಗೂ ಏರುವುದಿಲ್ಲ.

ಗಾದೆಯಲ್ಲಿ ಇರುವವರು ಇಬ್ಬರೇ. ತರಗತಿಯಲ್ಲಿ ಮೂರನೆಯವರೇ ಹೆಚ್ಚು. ಹೆಸರಿಟ್ಟವನು ಒಬ್ಬ, ನಕ್ಕವರು ಮೂವತ್ತು. ನಾನು ಹೆಸರಿಟ್ಟವನಲ್ಲ, ನಕ್ಕವನು.

ಇನ್ನೊಂದು ಮಾತು. ಗಾದೆಯ ಬೆಕ್ಕು ಹುಟ್ಟಾ ಬೆಕ್ಕು. ಗಡಿನಾಡಿನಲ್ಲಿ ಹಾಗಿಲ್ಲ. ನಿಜಾಮರ ಕಾಲದಲ್ಲಿ ಶಾಲೆಯ ಮಾತು ಉರ್ದು. ನಮ್ಮಜ್ಜ ಕಲಿತದ್ದು ಅದರಲ್ಲೇ. ‘ಜ಼ರೂರ್’ ಅನ್ನಲು ಹೋಗಿ ‘ಜರೂರ್’ ಅನ್ನುತ್ತಿದ್ದರು, ಆಗ ನಗುತ್ತಿದ್ದವರು ಬೇರೆ. 1956ರಲ್ಲಿ ಬೀದರ ಜಿಲ್ಲೆಯನ್ನು ಹರಿದು ಹಂಚಿದರು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ, ಔರಾದ, ಭಾಲ್ಕಿ ಮೈಸೂರಿಗೆ. ನಾಲಗೆಗಳು ಇದ್ದಲ್ಲೇ ಇದ್ದವು. ಯಾರು ಬೆಕ್ಕು, ಯಾರು ಇಲಿ ಅನ್ನುವುದು ಮಾತ್ರ ಊರೂರಿಗೆ ಅದಲುಬದಲಾಯಿತು.

ಬೆಕ್ಕಿಗೆ ಇಲಿಯಾಗಿ ನೋಡುವ ದಾರಿಯಿಲ್ಲ. ನಮಗೆ ಒಂದು ರಾತ್ರಿಯ ರೈಲು ಸಾಕು. ಬೆಂಗಳೂರಿನ ಹಾಸ್ಟೆಲಿನಲ್ಲಿ ಮೊದಲ ವಾರ ಪಕ್ಕದ ಮಂಚದವನಿಗೆ ‘ಊಟಕ್ಕ ಹೊಂಟಿನಿ, ನೀ ಬರ್ಲತ್ತಿ ಏನ್?’ ಅಂದೆ. ಕೋಣೆಯೆಲ್ಲ ನಕ್ಕಿತು. ‘ಇನ್ನೊಂದ್ಸಲ ಹೇಳೋ!’ ಅಂದರು, ಪ್ರೀತಿಯಿಂದಲೇ. ಮರುದಿನದಿಂದ ನನ್ನ ಹೆಸರು ‘ಬರ್ಲತ್ತಿ’. ಮೆಸ್ಸಿನ ಭಟ್ಟರೂ ತಟ್ಟೆಗೆ ಅನ್ನ ಹಾಕುತ್ತ ಹಾಗೇ ಕರೆದರು.

ತಿಂಗಳು ತುಂಬುವುದರೊಳಗೆ ಒಂದು ವಿದ್ಯೆ ಕಲಿತೆ. ಬಾಯಿ ತೆರೆಯುವ ಮೊದಲು ಮಾತನ್ನು ಒಳಗೇ ಒಮ್ಮೆ ಓದಿಕೊಂಡು, ‘ಲತ್ತಿ’ ಎಲ್ಲಿ ಕೂತಿದೆ ನೋಡಿ, ಅದನ್ನು ದಾಟಿ ಮುಂದೆ ಹೋಗುವುದು. ಹಾಗೆ ದಾಟುತ್ತಿದ್ದಾಗಲೇ ಒಂದು ಸಂಜೆ ಪುಸ್ತಕದ ಸಾಲಿನ ಮೇಲೆ ಓಡುತ್ತಿದ್ದ ಆ ಬೆರಳು ಕಣ್ಣಿಗೆ ಕಟ್ಟಿತು. ಉಗುರಿನ ಸಂದಿಯ ಶಾಯಿಯ ಕಲೆಯ ಸಮೇತ.