ವ್ರತಿಯ ಶರೀರವೂ ಜೀವಸತ್ವದ ಗುಳಿಗೆಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಚಾತುರ್ಮಾಸವೆಂದರೆ ಬಹುಪಾಲು ಮಳೆಗಾಲವೇ. ಸೊಪ್ಪಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚೆಂದು ಅದನ್ನು ತ್ಯಜಿಸುವ ಶ್ರಾವಕರುಂಟು. ರಸಪರಿತ್ಯಾಗವನ್ನು ಕೈಗೊಂಡು ಹಾಲು, ಮೊಸರು, ತುಪ್ಪ, ಎಣ್ಣೆಗಳಲ್ಲಿ ಒಂದನ್ನೋ ಹಲವನ್ನೋ ಬಿಡುವವರುಂಟು. ಅದೇ ತಿಂಗಳುಗಳಲ್ಲಿ ಈ ಕರಾವಳಿಯ ಸೂರ್ಯನೂ ದಿನಗಟ್ಟಲೆ ಮೋಡದ ಮರೆಯಲ್ಲಿರುತ್ತಾನೆ. ಸೊಪ್ಪು, ಜಿಡ್ಡು, ಬಿಸಿಲು ಮೂರೂ ಒಟ್ಟಿಗೆ ದೂರವಾದಾಗ ಶರೀರದಲ್ಲಿ ಏನು ನಡೆಯುತ್ತದೆ, ಆಗ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ವ್ರತಿಯು ಸೇವಿಸಬಹುದೆ ಎಂಬುದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ.

ಎ, ಡಿ, ಇ, ಕೆ ಎಂಬ ಜೀವಸತ್ವಗಳು ಕೊಬ್ಬಿನಲ್ಲಿ ಕರಗುವಂಥವು. ಹರಿವೆ, ಬಸಳೆ, ಸಿಹಿಗುಂಬಳ, ಪಪ್ಪಾಯಿಗಳಲ್ಲಿರುವುದು ಎ ಜೀವಸತ್ವವಲ್ಲ, ಅದರ ಪೂರ್ವರೂಪವಾದ ಕ್ಯಾರೋಟಿನ್. ಪಿತ್ತರಸವು ಆಹಾರದ ಕೊಬ್ಬನ್ನು ಸೂಕ್ಷ್ಮ ಕಣಗಳಾಗಿ ಒಡೆದಾಗ ಕ್ಯಾರೋಟಿನ್ ಅದರೊಡನೆ ಕರುಳಿನ ಗೋಡೆಯನ್ನು ಸೇರುತ್ತದೆ. ಅಲ್ಲಿ ಒಂದು ಕಿಣ್ವವು ಅದನ್ನು ಸೀಳಿ ಎ ಜೀವಸತ್ವವನ್ನಾಗಿ ಮಾಡುತ್ತದೆ. ಹೀಗೆ ಸಿದ್ಧವಾದುದರಲ್ಲಿ ಹೆಚ್ಚಿನದು ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಈ ಪರಿವರ್ತನೆಯನ್ನು ೧೯೩೦ರಲ್ಲಿ ಕೇಂಬ್ರಿಜ್‌ನ ಥಾಮಸ್ ಮೂರ್ ತೋರಿಸಿಕೊಟ್ಟದ್ದು ಇಲಿಗಳ ಯಕೃತ್ತನ್ನು ಪರೀಕ್ಷಿಸಿ. ಅಹಿಂಸಾವ್ರತಿಗೆ ಉಪಕಾರವಾಗುವ ಜ್ಞಾನವೂ ಹಿಂಸೆಯ ದಾರಿಯಿಂದ ಬಂದಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಎಣ್ಣೆ, ತುಪ್ಪ ಬಿಟ್ಟವರ ಪಲ್ಯದಲ್ಲಿ ತೆಂಗಿನ ತುರಿ ಇದ್ದರೆ ಈ ಕಾರ್ಯಕ್ಕೆ ಬೇಕಾದ ಜಿಡ್ಡು ಅಲ್ಲಿಂದಲೇ ದೊರೆಯುತ್ತದೆ.

ಡಿ ಜೀವಸತ್ವದ ಕಥೆ ಇನ್ನೂ ವಿಚಿತ್ರ. ಬಿಸಿಲಿನ ಅತಿನೇರಳೆ ಕಿರಣ ತಗಲಿದಾಗ ಅದು ಚರ್ಮದಲ್ಲಿಯೇ ಹುಟ್ಟುತ್ತದೆ. ಗಾಜಿನ ಕಿಟಕಿಯ ಒಳಗೆ ಕುಳಿತವರಿಗೆ ಆ ಕಿರಣ ದೊರೆಯದು. ಹುಟ್ಟಿದುದು ನೇರವಾಗಿ ಕೆಲಸಕ್ಕೆ ಬಾರದು. ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ಮಾರ್ಪಾಡಾದ ಮೇಲೆಯೇ ಅದು ಕರುಳು ಸುಣ್ಣವನ್ನು ಹೀರುವಂತೆ ಮಾಡಬಲ್ಲುದು. ಬೇಸಗೆಯ ಗಳಿಕೆಯು ಮಳೆಗಾಲದಲ್ಲಿ ಕ್ರಮೇಣ ಕರಗುತ್ತದೆ. ಎ, ಡಿಗಳ ಈ ಸಂಗ್ರಹವಿರುವುದರಿಂದಲೇ ಆರೋಗ್ಯವಂತನಿಗೆ ಅಷ್ಟಮಿ, ಚತುರ್ದಶಿಗಳ ಉಪವಾಸದಿಂದ ಇವುಗಳ ಕೊರತೆ ಉಂಟಾಗದು. ಆದರೆ ಸಂಗ್ರಹ ಅತಿಯಾದರೆ ವಿಷ; ಗುಳಿಗೆಯನ್ನು ಮನಬಂದಂತೆ ನುಂಗುವವರು ಪರಿಗ್ರಹಪರಿಮಾಣ ಶರೀರದ ಒಳಗೂ ಉಂಟೆಂದು ತಿಳಿಯಬೇಕು.

ಇನ್ನು ಗುಳಿಗೆಯ ಮೂಲ. ಎರಡನೆಯ ಮಹಾಯುದ್ಧದಲ್ಲಿ ಕಾಡ್ ಮೀನಿನ ಯಕೃತ್ತೈಲದ ಆಮದು ತಪ್ಪಿದಾಗ ನಮ್ಮ ಪಶ್ಚಿಮ ಕರಾವಳಿಯಲ್ಲಿ ಶಾರ್ಕ್ ಮೀನಿನ ಯಕೃತ್ತೈಲ ತಯಾರಾಯಿತು. ಅದು ಶ್ರಾವಕನಿಗೆ ನಿಸ್ಸಂದೇಹವಾಗಿ ವರ್ಜ್ಯ. ಇಂದಿನ ಡಿ೩ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಅದನ್ನು ತುಂಬುವ ಮೆತ್ತನೆಯ ಕೋಶ ಹೆಚ್ಚಾಗಿ ಜಿಲೆಟಿನ್, ಎಂದರೆ ಪ್ರಾಣಿಗಳ ಚರ್ಮ ಎಲುಬುಗಳ ಸಾರ. ಕೊಂದವನು ಬೇರೆ ಎಂಬ ಸಮಾಧಾನ ಸಾಲದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಲ್ಲಿ ಎರಡು ಇನ್ನೂ ತೆರೆದಿರುತ್ತವೆ. ಕಲ್ಲುಹೂವಿನ ಜಾತಿಯ ಸಸ್ಯಮೂಲದ ಡಿ೩ ಉಂಟು, ಯೀಸ್ಟ್‌ನಿಂದಾಗುವ ಡಿ೨ ಉಂಟು. ಯೀಸ್ಟೂ ಜೀವವೇ ಎನ್ನುವವರ ಮಾತು ಸುಳ್ಳಲ್ಲ. ಆದರೆ ಏಕೇಂದ್ರಿಯಕ್ಕೂ ಪಂಚೇಂದ್ರಿಯಕ್ಕೂ ಇರುವ ಅಂತರವನ್ನು ಆಗಮವೇ ಗಣಿಸಿದೆ.

ಮೂತ್ರಪಿಂಡ ಕೆಟ್ಟವನ ಪ್ರಶ್ನೆ ಇದಕ್ಕಿಂತ ಕಠಿಣ. ಅವನು ಮರವಂತೆಯ ಮರಳಿನ ಮೇಲೆ ದಿನವೆಲ್ಲ ಬಿಸಿಲು ಕಾಯಿಸಿಕೊಂಡರೂ ಕಡೆಯ ಮಾರ್ಪಾಡು ಸರಿಯಾಗಿ ನಡೆಯದು. ಮಾರ್ಪಾಡು ಮುಗಿದ ಡಿ ಜೀವಸತ್ವವನ್ನೇ ವೈದ್ಯರು ಕೊಡಬೇಕಾಗಬಹುದು, ಅದೂ ಹಲವೊಮ್ಮೆ ಜಿಲೆಟಿನ್ ಕೋಶದಲ್ಲಿಯೇ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವೂ ತಪವೂ ಶಕ್ತ್ಯನುಸಾರವೆಂದು ಹೇಳಲ್ಪಟ್ಟಿವೆ. ಅಣುವ್ರತಿಯಾದ ಗೃಹಸ್ಥನು ಬೇರೆ ರೂಪವಿದೆಯೇ ಎಂದು ಮೊದಲು ವಿಚಾರಿಸಿ, ಇಲ್ಲವೆಂದಾದರೆ ಆಲೋಚನೆ ಪ್ರಾಯಶ್ಚಿತ್ತಗಳೊಡನೆ ಔಷಧವನ್ನು ಸ್ವೀಕರಿಸುವುದು ವ್ರತದ್ರೋಹವಾಗಲಾರದು. ವಿಚಾರಿಸದೆಯೇ ನುಂಗುವುದು ಪ್ರಮಾದ. ಮಹಾವ್ರತಿಗಳ ವಿಷಯ ಅವರ ಗುರುಗಳಿಗೆ ಸೇರಿದ್ದು. ಗೃಹಸ್ಥರು ಅದರಲ್ಲಿ ಮಾತನಾಡತಕ್ಕದ್ದಲ್ಲ.

ಕೆ ಜೀವಸತ್ವಕ್ಕೆ ಮಾತ್ರ ದೊಡ್ಡ ಸಂಗ್ರಹವಿಲ್ಲ. ರಕ್ತವನ್ನು ಹೆಪ್ಪುಗಟ್ಟಿಸುವ ಕೆಲವು ಸಸಾರಜನಕಗಳನ್ನು ಯಕೃತ್ತಿನಲ್ಲಿ ಕಾರ್ಯಕ್ಕೆ ಸಿದ್ಧಪಡಿಸಿ ಅದು ತಾನು ಸವೆಯುತ್ತದೆ, ಮತ್ತೆ ನವೀಕರಿಸಲ್ಪಡುತ್ತದೆ. ಹೃದ್ರೋಗಿಗಳಲ್ಲಿ ಕೆಲವರು ಸೇವಿಸುವ ವಾರ್ಫರಿನ್ ಈ ನವೀಕರಣವನ್ನೇ ತಡೆಯುತ್ತದೆ. ಅಂಥವರು ದಶಲಕ್ಷಣ ಪರ್ವದಲ್ಲಿ ಸೊಪ್ಪನ್ನು ಥಟ್ಟನೆ ಬಿಟ್ಟರೆ ಔಷಧದ ಪ್ರಭಾವ ಏರಿ ರಕ್ತಸ್ರಾವವಾಗಬಹುದು. ಪಾರಣೆಯ ಬಳಿಕ ಒಮ್ಮೆಗೇ ಹೆಚ್ಚು ತಿಂದರೆ ಪ್ರಭಾವ ಇಳಿದು ರಕ್ತ ಹೆಪ್ಪುಗಟ್ಟಬಹುದು. ಭಾದ್ರಪದಕ್ಕೆ ಮುಂಚಿತವಾಗಿಯೇ ತಮ್ಮ ನಿಯಮವನ್ನು ವೈದ್ಯರಿಗೆ ತಿಳಿಸಿದರೆ ಅವರು ರಕ್ತಪರೀಕ್ಷೆ ಮಾಡಿಸಿ ಪ್ರಮಾಣವನ್ನು ಹೊಂದಿಸಿಕೊಡುತ್ತಾರೆ.