ಮನೆಯ ತೀರ್ಥ, ಹಿತ್ತಿಲ ತೋಡು



ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬಂದವರು ಯಾರೂ ಬರಿಗೈಲಿ ಹಿಂದಿರುಗುವುದಿಲ್ಲ. ಬಿಂದಿಗೆ, ಕ್ಯಾನು, ಬಾಟಲಿ, ಕೈಗೆ ಸಿಕ್ಕಿದ್ದರಲ್ಲಿ ತೀರ್ಥ ತುಂಬಿಕೊಂಡು ಹೋಗುತ್ತಾರೆ. ಮನೆಗೆ ಹೋಗಿ ಅದನ್ನು ದೇವರ ಕೋಣೆಯಲ್ಲಿಡುತ್ತಾರೆ. ಎಂಜಲು ಕೈ ಸೋಕಿಸುವುದಿಲ್ಲ. ಹಿರಿಯರ ಕೊನೆ ಗಳಿಗೆಯಲ್ಲಿ ಬಾಯಿಗೆ ಎರಡು ಹನಿ ಬಿಡಬೇಕಲ್ಲ ಎಂದು ಜೋಪಾನ ಮಾಡುತ್ತಾರೆ.

ಅದೇ ಮನೆಯ ಹಿತ್ತಿಲಲ್ಲಿ ಒಂದು ತೋಡು ಹರಿಯುತ್ತಿರುತ್ತದೆ. ಅದಕ್ಕೆ ಬಚ್ಚಲ ನೀರು ಬಿಡುತ್ತೇವೆ, ಹರಿದ ಚಪ್ಪಲಿ ಎಸೆಯುತ್ತೇವೆ. ಕೇಳಿದರೆ, "ಅದು ತೋಡು ಸ್ವಾಮಿ, ತೀರ್ಥ ಅಲ್ವಲ್ಲ" ಅನ್ನುತ್ತೇವೆ.

ನಿಜವಾಗಿ ಅಲ್ಲವೇ? ಬ್ರಹ್ಮಕುಂಡಿಕೆ ಎಷ್ಟು ಚಿಕ್ಕದೆಂದು ದರ್ಶನ ಮಾಡಿದವರಿಗೆಲ್ಲ ಗೊತ್ತು. ಆದರೆ ಕಾವೇರಮ್ಮ ಸುಮಾರು 800 ಕಿ.ಮೀ. ಹರಿದು ಪೂಂಪುಹಾರಿನ ಬಳಿ ಕಡಲು ಸೇರುತ್ತಾಳೆ. ಅಷ್ಟು ದೂರ ನಡೆಯುವ ಬಲ ಆಕೆಗೆ ಎಲ್ಲಿಂದ ಬಂತು? ಭಾಗಮಂಡಲದಲ್ಲಿ ಕನ್ನಿಕೆ ಕೂಡುತ್ತಾಳೆ. ಸುಜ್ಯೋತಿ ಗುಪ್ತಗಾಮಿನಿಯಾಗಿ ಬರುತ್ತಾಳೆಂಬುದು ನಮ್ಮ ನಂಬಿಕೆ. ಮುಂದೆ ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ ಸೇರುತ್ತವೆ. ಆ ಒಂದೊಂದು ಹೊಳೆಗೂ ನೀರು ಕೊಡುವುದು ಹೆಸರಿಲ್ಲದ ನೂರಾರು ತೋಡುಗಳು. ಹಾಗಾದರೆ ಹಿತ್ತಿಲ ತೋಡೂ ಕಾವೇರಿಯೇ.

ತೀರ್ಥ ತೆಗೆದುಕೊಳ್ಳುವಾಗ ಬೊಗಸೆ ಒಡ್ಡುತ್ತೇವಲ್ಲ, ಆ ಬೊಗಸೆಯನ್ನೊಮ್ಮೆ ನೋಡಿಕೊಳ್ಳಿ. ಕೈಯ ಯಾವ ಮೂಲೆಗೆ ಹನಿ ಬಿದ್ದರೂ ನಡುವಿಗೇ ಇಳಿಯುತ್ತದೆ. ಬೆಟ್ಟ, ಕಾಡು, ತೋಟ, ಗದ್ದೆ ಎಲ್ಲ ಸೇರಿ ಹೀಗೇ ಒಂದು ಬೊಗಸೆ. ಇದನ್ನೇ ಜಲಾನಯನ ಅನ್ನುತ್ತಾರೆ. ಕಾಡಿರುವ ಇಳಿಜಾರಿನಲ್ಲಿ ಮಳೆ ಎಲೆಯ ಮೇಲೆ ಬಿದ್ದು, ತರಗೆಲೆಯಲ್ಲಿ ನಿಂತು, ಬೇರಿನ ಸಂದಿನಲ್ಲಿ ನಿಧಾನ ಇಂಗುತ್ತದೆ. ಬೇಸಿಗೆಯಲ್ಲಿ ಅದೇ ನೀರು ಒರತೆಯಾಗಿ ಹೊರಬರುತ್ತದೆ. ಬೋಳು ನೆಲದಲ್ಲಾದರೆ ಮಣ್ಣನ್ನೂ ಎಳೆದುಕೊಂಡು ಕೆಂಪಾಗಿ ಓಡಿಬಿಡುತ್ತದೆ. ಆಷಾಢದಲ್ಲಿ ಪ್ರವಾಹ, ಚೈತ್ರದಲ್ಲಿ ಬತ್ತಿದ ಬಾವಿ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಬರುತ್ತದೆ. ಬೆಟ್ಟದವರು ಕೇಳುತ್ತಾರೆ: "ನಾವು ಕಾಡು ಕಾಯೋದು, ನೀರು ಕುಡಿಯೋರು ಯಾರೋ. ನಾವು ಮುಖವನ್ನೇ ಕಾಣದವರಿಗೋಸ್ಕರ ನಮ್ಮ ಹೊಟ್ಟೆಪಾಡು ಬಿಡಬೇಕಾ?" ಈ ಮಾತಿನಲ್ಲಿ ನ್ಯಾಯವಿದೆ, ತಳ್ಳಿಹಾಕುವಂತಿಲ್ಲ. 1974ರಿಂದ ಕಾವೇರಿ ನೀರು ಬೆಂಗಳೂರಿಗೂ ಹೋಗುತ್ತಿದೆ. ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ಮೇಲೆತ್ತುತ್ತಾರೆ. ನಲ್ಲಿ ತಿರುಗಿಸುವವರಿಗೆ ಈ ಬೆಟ್ಟದ ನೆನಪೂ ಇರುವುದಿಲ್ಲ. ಕುಡಿಯುವವರು ಕಾಯುವವರ ಭಾರದಲ್ಲಿ ಪಾಲು ಹೊರಬೇಕು. ಅದು ದಾನವಲ್ಲ, ಋಣ.

ಆದರೆ ಬೆಟ್ಟದವರ ಮೇಲೆ ಯಾರೂ ಇಲ್ಲವೇ? ಇದ್ದಾರೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕೊಡಲಿ ಹಾಕಬಾರದೆಂದು ಅವುಗಳನ್ನು ಬಿಟ್ಟುಹೋದ ಹಿರಿಯರು ನಮ್ಮ ಮುಖ ಕಂಡವರಲ್ಲ. ನೀರಿನ ದಾರಿಯಲ್ಲಿ ನಾವು ತುದಿಯಲ್ಲಿರಬಹುದು, ಕಾಲದ ದಾರಿಯಲ್ಲಿ ನಾವೂ ಕೆಳಗಿನವರೇ. ಕಾಣದವರಿಂದ ಪಡೆದವನು ಕಾಣದವರಿಗೆ ಕೊಡಲೇಬೇಕು. ಅಗಸ್ತ್ಯರ ಕಮಂಡಲದಲ್ಲೇ ನಿಲ್ಲದೆ ಲೋಕಕ್ಕಾಗಿ ಹರಿದವಳು ಕಾವೇರಿ. ಋಷಿಗೇ ದಕ್ಕದ ನೀರನ್ನು "ಇದು ನಂದು" ಅನ್ನಲು ನಾವ್ಯಾರು?

ಅಸಡ್ಡೆಯ ಫಲ ಕೆಳಗಿನವರಿಗೆ ಮಾತ್ರ ಎಂದೂ ತಿಳಿಯಬೇಡಿ. ಕಾಫಿ ಪಲ್ಪಿಂಗ್ ಮಾಡಿದ ನೀರು ತೋಡಿಗೆ ಬಿದ್ದರೆ ಅದು ಕೊಳೆಯುತ್ತಾ ನೀರಿನ ಪ್ರಾಣವಾಯುವನ್ನು ಹೀರುತ್ತದೆ. ಮೊದಲು ಸಾಯುವುದು ನಮ್ಮೂರ ಮೀನು. 2018ರ ಆಗಸ್ಟಿನಲ್ಲಿ ಕೊಡಗಿನ ಎಷ್ಟೋ ಬೆಟ್ಟಗಳು ಜರಿದವು. 2020ರ ಆಗಸ್ಟಿನಲ್ಲಿ ಇದೇ ಬ್ರಹ್ಮಗಿರಿಯ ಇಳಿಜಾರು ಕುಸಿದು ಅರ್ಚಕರ ಮನೆಯೇ ಮಣ್ಣುಪಾಲಾಯಿತು. ಕಾರಣಗಳನ್ನು ಬಲ್ಲವರು ಚರ್ಚಿಸಲಿ. ಬೆಟ್ಟ ಹೊರುವ ಭಾರಕ್ಕೂ ಮಿತಿಯಿದೆ ಎಂಬುದನ್ನು ನಾವು ಮರೆಯಬಾರದು.

ಈ ಪಾಠ ಭಾಷಣದಿಂದ ಬರುವುದಿಲ್ಲ. ನಿಮ್ಮ ಊರು ಯಾವುದೇ ಇರಲಿ, ಶಾಲೆ ಮಕ್ಕಳನ್ನು ಕರೆದುಕೊಂಡು ಹತ್ತಿರದ ತೋಡಿನ ಜೊತೆ ನಡೆಯಿರಿ. ಮಳೆ ನಿಂತ ಮೇಲೆ ಒಮ್ಮೆ, ಕಡು ಬೇಸಿಗೆಯಲ್ಲಿ ಇನ್ನೊಮ್ಮೆ. ಎಲ್ಲಿ ಹುಟ್ಟುತ್ತದೆ, ಯಾರ ಗದ್ದೆ ದಾಟುತ್ತದೆ, ಎಲ್ಲಿ ಬತ್ತುತ್ತದೆ, ಯಾವ ಊರಿಗೆ ಹೋಗುತ್ತದೆ, ಮಕ್ಕಳೇ ಬರೆದಿಡಲಿ. ಕೆಳಗಿನ ಮನೆಯ ಅಜ್ಜಿ ಅದೇ ನೀರಲ್ಲಿ ಪಾತ್ರೆ ತೊಳೆಯುವುದನ್ನು ಕಂಡ ಮಗು ಮರುದಿನ ಅದಕ್ಕೆ ಪ್ಲಾಸ್ಟಿಕ್ ಎಸೆಯಲು ಹಿಂಜರಿಯುತ್ತದೆ. ಕಾಣದವರು ಕಂಡಂತಾಯಿತು. ದೊಡ್ಡವರ ಸಭೆಯಲ್ಲಿ ಆ ಮಗುವೇ ಓದಿ ಹೇಳಲಿ, ಆಗ ನಾವೂ ಕೇಳುತ್ತೇವೆ.

ಯಾತ್ರಿಕರಲ್ಲಿ ಒಂದು ಬಿನ್ನಹ. ಸಂಗಮದಲ್ಲಿ ಸ್ನಾನಕ್ಕೆ ಸೋಪು, ಶಾಂಪೂ ಬೇಡ. ಉಟ್ಟ ಬಟ್ಟೆ ನೀರಲ್ಲಿ ಬಿಟ್ಟರೆ ಪಾಪ ಹೋಗುವುದಿಲ್ಲ, ಮುಂದಿನ ಊರಿನವರ ಕಾಲಿಗೆ ತೊಡರುತ್ತದೆ ಅಷ್ಟೆ. ತಂದ ಕವರನ್ನು ವಾಪಸು ಒಯ್ಯಿರಿ.

ಮನೆಗೆ ಹೋಗಿ ತೀರ್ಥವನ್ನು ದೇವರ ಮುಂದಿಟ್ಟ ಮೇಲೆ, ಒಂದು ಸಲ ಹಿತ್ತಿಲ ಬಾಗಿಲು ತೆಗೆದು ತೋಡಿನ ಕಡೆಗೂ ಕೈಮುಗಿಯಿರಿ. ನಮಗೆ ಬಂದಂತೆಯೇ ನೀರನ್ನು ಮುಂದಿನವರಿಗೆ ಬಿಡುವ ಬುದ್ಧಿಯನ್ನು ಕಾವೇರಮ್ಮ ಎಲ್ಲರಿಗೂ ಕೊಡಲಿ.